ಓಡುತ್ತಿರುವ ಸರ್ವರ್‌ಗೆ ಹೊಸ ಪ್ರೊಸೆಸರ್: ಮೂರು ದಾರಿ ತುಳಿದು ನೋಡಿದೆ

"ಮಿಷನ್ ನಿಲ್ಸಂಗಿಲ್ಲ ಕಣಪ್ಪ, ಆದ್ರೆ ಬಿಲ್ಲು ಬೇಗ ಬರ್ಬೇಕು" ಅಂದರು ಯಜಮಾನರು. ತುಮಕೂರಿನ ಅವರ ಕೊಬ್ಬರಿ ಮಂಡಿಯ ತೂಕ, ಬಿಲ್ಲು, ರೈತರ ಲೆಕ್ಕವೆಲ್ಲ ಇರುವುದು ಎರಡು ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡಿನ) ಒಂದೇ ಸರ್ವರ್‌ನಲ್ಲಿ. ಒಳಗಿದ್ದದ್ದು 6 ಕೋರಿನ, ಅಂದರೆ ಲೆಕ್ಕ ಮಾಡುವ ಆರು ಘಟಕಗಳಿರುವ, ಇಂಟೆಲ್ ಝಿಯಾನ್ ಇ5-2620 ವಿ3 ಪ್ರೊಸೆಸರ್ ಜೋಡಿ, ಹಾಕಬೇಕಿದ್ದದ್ದು 14 ಕೋರಿನ ಇ5-2690 ವಿ4. ಎರಡಕ್ಕೂ ಸಾಕೆಟ್ ಒಂದೇ.

ಮೊದಲು ಹಾಟ್‌ಪ್ಲಗ್ ನೋಡಿದೆ, ಅಂದರೆ ಯಂತ್ರ ಓಡುತ್ತಿರುವಾಗಲೇ ಭಾಗ ಬದಲಿಸುವುದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದೊಂದನ್ನು ಬಿಟ್ಟು ಪ್ರತಿ ಕೋರಿಗೂ 'ಆನ್‌ಲೈನ್' ಎಂಬ ಕಡತವಿದೆ, ಅದಕ್ಕೆ 0 ಬರೆದರೆ ಕೋರ್ ಮಲಗುತ್ತದೆ. ಎರಡನೇ ಸಾಕೆಟ್ಟಿನ ಕೋರ್‌ಗಳನ್ನೆಲ್ಲ ಹಾಗೆ ಮಲಗಿಸಿದೆ. ಬಿಲ್ಲಿಂಗ್ ಕುಂಟುತ್ತಾ ನಡೆಯಿತು, ನನಗೂ ಆಸೆ ಹುಟ್ಟಿತು. ಆದರೆ ಸ್ಕ್ರೂಡ್ರೈವರ್ ಹಿಡಿಯಲು ಧೈರ್ಯ ಬರಲಿಲ್ಲ. ಈ ಝಿಯಾನ್‌ಗಳಲ್ಲಿ ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಚಿಪ್ ಕಿತ್ತರೆ ಅದಕ್ಕೆ ಸೇರಿದ ರ‍್ಯಾಮ್ ಕಡ್ಡಿಗಳೂ ಕಾರ್ಡು ಸಿಕ್ಕಿಸುವ ಪಿಸಿಐ ಸ್ಲಾಟುಗಳೂ ಜೊತೆಗೇ ಹೋಗುತ್ತವೆ. 1997ರ ಸನ್ ಎಂಟರ್‌ಪ್ರೈಸ್ 10000 ಯಂತ್ರದಲ್ಲಿ ಪ್ರೊಸೆಸರ್, ಮೆಮೊರಿ ಸಮೇತ ಇಡೀ ಬೋರ್ಡನ್ನೇ ಓಡುತ್ತಿರುವಾಗ ಹೊರಗೆಳೆಯಬಹುದಿತ್ತು. ವಿಂಡೋಸ್ ಸರ್ವರ್ 2008ರ ಡೇಟಾಸೆಂಟರ್ ಆವೃತ್ತಿಯೂ ಪ್ರೊಸೆಸರ್ ಬದಲಿಯನ್ನು ಒಪ್ಪುತ್ತಿತ್ತು. ಸಾಫ್ಟ್‌ವೇರ್ ಒಪ್ಪಿದರೆ ಸಾಲದು, ಬೋರ್ಡೂ ಒಪ್ಪಬೇಕು. ನಮ್ಮದು ಆ ಜಾತಿಯದಲ್ಲ. ಮೇಲಾಗಿ ವಿ4 ಚಿಪ್‌ಗೆ ಬಯೋಸ್‌ನ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಬೇಕು, ಅದಕ್ಕೆ ಹೇಗಿದ್ದರೂ ರೀಬೂಟ್ ಆಗಲೇಬೇಕು!

ಎರಡನೆಯದು ಲೈವ್ ಮೈಗ್ರೇಷನ್, ಓಡುತ್ತಿರುವ ಕೆಲಸವನ್ನೇ ಬೇರೆ ಯಂತ್ರಕ್ಕೆ ದಾಟಿಸುವುದು. ನಮ್ಮ ಬಿಲ್ಲಿಂಗ್ ಓಡುವುದು ಸರ್ವರ್ ಒಳಗಿನ ವರ್ಚುವಲ್ ಮಿಷನ್ನಿನಲ್ಲಿ (ವಿಎಂ), ಅಂದರೆ ಸಾಫ್ಟ್‌ವೇರ್ ಕಟ್ಟಿದ ಕಂಪ್ಯೂಟರಿನಲ್ಲಿ. ಬಾಡಿಗೆಗೆ ಇನ್ನೊಂದು ಸರ್ವರ್ ತಂದು, ಲಿನಕ್ಸ್‌ನ ಕೆವಿಎಂ ತಂತ್ರಾಂಶದ ಮೇಲೆ ಓಡುವ ಆ ವಿಎಂ ಅನ್ನು ಅದಕ್ಕೆ ದಾಟಿಸಿದೆ. ಡಿಸ್ಕ್ ಎರಡಕ್ಕೂ ಸಿಗುವ ನಾಸ್ ಪೆಟ್ಟಿಗೆಯಲ್ಲಿ (ನೆಟ್‌ವರ್ಕಿನ ಸಂಗ್ರಹ ಪೆಟ್ಟಿಗೆ) ಇತ್ತು, ಸಾಗಬೇಕಿದ್ದದ್ದು 16 ಜಿಬಿ ಮೆಮೊರಿ ಮಾತ್ರ. ಕೆಲಸ ನಡೆಯುತ್ತಿರುವಾಗಲೇ ಮೆಮೊರಿ ನಕಲಾಗುತ್ತದೆ, ಅಷ್ಟರಲ್ಲಿ ಬದಲಾದ ಪುಟಗಳು ಮತ್ತೆ ನಕಲಾಗುತ್ತವೆ, ಕೊನೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲುಗಡೆ. ಗಿಗಾಬಿಟ್ ಕೇಬಲ್‌ನಲ್ಲಿ ಮೂರು ನಿಮಿಷ ಹಿಡಿಯಿತು. ಕೌಂಟರ್‌ನಲ್ಲಿ ಕೂತಿದ್ದ ಹುಡುಗಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಹಳೇ ಸರ್ವರ್ ಆರಿಸಿ ನಿಧಾನವಾಗಿ ಚಿಪ್ ಬದಲಿಸಿದೆ. 85 ವ್ಯಾಟ್‌ನಿಂದ 135ಕ್ಕೆ ಏರಿದ್ದರಿಂದ ಹೀಟ್‌ಸಿಂಕೂ (ಬಿಸಿ ಹೊರಹಾಕುವ ಲೋಹದ ತುಂಡು) ದೊಡ್ಡದು ಬೇಕಾಯಿತು. ಪಿನ್ನುಗಳು ಚಿಪ್‌ನಲ್ಲಲ್ಲ, ಬೋರ್ಡಿನ ಸಾಕೆಟ್‌ನಲ್ಲಿವೆ. ಒಂದು ಬಾಗಿದರೂ ಬೋರ್ಡೇ ಹೋಯಿತು ಅನ್ನಿ.

ಎಡವಿದ್ದು ವಾಪಸ್ ತರುವಾಗ. ಸಿಪಿಯು ಮಾದರಿಯನ್ನು 'ಹೋಸ್ಟ್' ಎಂದು ಬಿಟ್ಟಿದ್ದೆ, ಅಂದರೆ ವಿಎಂ ತಾನಿರುವ ಯಂತ್ರದ ಚಿಪ್‌ನ ಸೌಲಭ್ಯಗಳನ್ನೆಲ್ಲ ಕಾಣುತ್ತದೆ. ಬಾಡಿಗೆಯದು ಹೊಸ ತಲೆಮಾರಿನದು, ಎವಿಎಕ್ಸ್-512 ಎಂಬ ಹೆಚ್ಚುವರಿ ಲೆಕ್ಕದ ಆಜ್ಞೆಗಳು ಇರುವಂಥದ್ದು. ನಡುವೆ ಒಮ್ಮೆ ವಿಎಂ ರೀಬೂಟ್ ಆಗಿ ಅದರ ರುಚಿ ಹತ್ತಿತ್ತು. ಆ ಸೌಲಭ್ಯವಿಲ್ಲದ ನಮ್ಮ ಸರ್ವರ್‌ಗೆ ಬಂದದ್ದೇ ತಡ, ಸ್ತಬ್ಧ. ಮೊದಲೇ 'ಹ್ಯಾಸ್‌ವೆಲ್' (ನಮ್ಮ ಹಳೇ ಚಿಪ್‌ನ ತಲೆಮಾರು) ಎಂದು ಕಟ್ಟಿಹಾಕಿದ್ದರೆ ಆ ಇಪ್ಪತ್ತು ನಿಮಿಷದ ಬೈಗುಳ ತಪ್ಪುತ್ತಿತ್ತು.

ಮೂರನೆಯದನ್ನು ಅವರದೇ ತಿಪಟೂರಿನ ಅಂಗಡಿಯಲ್ಲಿ ಮಾಡಿದೆ. ಭಾನುವಾರ ರಾತ್ರಿ ಬ್ಯಾಕಪ್ ತೆಗೆದೆ, ಆರಿಸಿದೆ, ಬದಲಿಸಿದೆ, ಹಚ್ಚಿದೆ. ಒಟ್ಟು 70 ನಿಮಿಷ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ದಿನವಿಡೀ ನಿಲ್ಲದ ಆಸ್ಪತ್ರೆಗಾದರೆ ಎರಡನೆಯದನ್ನೇ ಹೇಳುತ್ತೇನೆ, ಮಂಡಿಗೆ ಇದೇ ಸಾಕು.

ಎರಡೂ ಕಡೆಯ ಖರ್ಚಿನ ಚೀಟಿ ಪಕ್ಕಪಕ್ಕ ಇಟ್ಟುಕೊಂಡ ಯಜಮಾನರು ಕೇಳಿದರು: "ಭಾನುವಾರ ಇಲ್ಲೂ ಬಾಗ್ಲು ಹಾಕಿರ್ತೀವಲ್ಲಪ್ಪ, ಬಾಡಿಗೆ ಮಿಷನ್ ಯಾಕೆ ತಂದೆ?"