ಖ್ಯಾಲ್ ಮೊದಲೋ, ಠುಮ್ರಿ ಮೊದಲೋ?

ಧಾರವಾಡಕ್ಕೆ ಬಂದು ನೆಲೆಸಿದಿರಿ, ಸಂಗೀತ ಕಚೇರಿಗೆ ಹೋಗುವ ಆಸೆಯೂ ಹುಟ್ಟಿತು. ಹಿಂದೂಸ್ತಾನಿ ಗಾಯನದ ಎರಡು ಪ್ರಕಾರಗಳಾದ ಖ್ಯಾಲ್, ಠುಮ್ರಿಗಳಲ್ಲಿ ಕಿವಿಯನ್ನು ಯಾವುದರಿಂದ ಪಳಗಿಸಬೇಕು?

ಖ್ಯಾಲ್‌ನಲ್ಲಿ ರಾಗವೇ ಯಜಮಾನ. ನಾಲ್ಕು ಸಾಲಿನ ಬಂದಿಶ್, ಅಂದರೆ ಹಾಡಿನ ರಚನೆ, ಅದಕ್ಕೊಂದು ನೆಪ. ವಿಲಂಬಿತ (ನಿಧಾನಗತಿಯ) ಏಕತಾಲದಲ್ಲಿ 12 ಮಾತ್ರೆಗಳ, ಅಂದರೆ 12 ಎಣಿಕೆಗಳ, ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಗಾಯಕರು ರಾಗವನ್ನು ಸ್ವರಸ್ವರವಾಗಿ ಬಿಡಿಸುತ್ತ ಅಲೆದಾಡಿ, ತಬಲೆಯ ಸಮಕ್ಕೆ, ಅಂದರೆ ಆವರ್ತನದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದಿಳಿಯುತ್ತಾರೆ. ಆ ಕ್ಷಣಕ್ಕೆ ನಿಮ್ಮ ತಲೆ ತಾನಾಗಿಯೇ ತೂಗಿದರೆ ಅರ್ಧ ಗೆದ್ದಂತೆ. ಆಕಳಿಕೆ ಬಂತೇ? ಎದ್ದು ಹೋಗಬೇಡಿ, ಮುಂದೆ ಚುರುಕಾದ ದ್ರುತ್ ಖ್ಯಾಲ್ ಇದೆ.

ಠುಮ್ರಿಯಲ್ಲಿ ಮಾತಿಗೆ ಪಟ್ಟ. ಒಂದೇ ಸಾಲು ಒಮ್ಮೆ ಮುನಿಸಾಗಿ, ಒಮ್ಮೆ ಹಂಬಲವಾಗಿ ಹೊರಳುತ್ತದೆ. ಖಮಾಜ್, ಪೀಲು, ಭೈರವಿಯಂಥ ರಾಗಗಳು. ರಾಗದ ಗಡಿಯನ್ನು ಕೊಂಚ ದಾಟುವ ಸಲಿಗೆಯೂ ಉಂಟು. ಬೇಗ ಹಿಡಿಸುತ್ತದೆ, ನಿಜ. ಆದರೆ ಸಾಹಿತ್ಯ ಹೆಚ್ಚಾಗಿ ಉತ್ತರ ಭಾರತದ ಬ್ರಜ್ ಭಾಷೆಯದು, ಅರ್ಥ ತಿಳಿಯದಿದ್ದರೆ ಅರ್ಧ ರುಚಿ ಹೋಯಿತು. ಹುಬ್ಬಳ್ಳಿಯ ಗಾಯಕಿ ಗಂಗೂಬಾಯಿ ಹಾನಗಲ್ಲರೂ ಮೊದಮೊದಲು ಠುಮ್ರಿ ಹಾಡಿ, ಆಮೇಲೆ ಅದನ್ನು ಬಿಟ್ಟು ಖ್ಯಾಲ್‌ಗೇ ನಿಂತವರು.

ನನ್ನನ್ನು ಕೇಳಿದರೆ, ಧಾರವಾಡದ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಖ್ಯಾಲ್ ಒಂದನ್ನು ವಾರವಿಡೀ ಕೇಳಿ. ದಣಿದ ದಿನ ಅವರೇ ಹಾಡಿದ ವಚನಗಳಿವೆ. ಅಲ್ಲಿ ಭಾಷೆಯ ತೊಡಕೂ ಇಲ್ಲ.