ಒಂದು ಕ್ಯೂಗೆ ಎರಡು ಹೆಸರು: ನಾನು ಗ್ಲಾಸ್‌ಫಿಶ್ ಬಿಟ್ಟು ವೈಲ್ಡ್‌ಫ್ಲೈ ಹಿಡಿದಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈಲ್ಡ್‌ಫ್ಲೈಗೆ. ಎರಡೂ ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಸರ್ವರ್ ಸಾಫ್ಟ್‌ವೇರ್. ಗ್ಲಾಸ್‌ಫಿಶ್ ಕೆಟ್ಟದ್ದೇನಲ್ಲ, ಎರಡು ವರ್ಷ ಅದನ್ನೇ ನಂಬಿ ಅನ್ನ ತಿಂದಿದ್ದೇನೆ. ಆದರೆ ಹೋದ ಹಂಗಾಮಿನ ಒಂದು ಸಂಜೆ ಮಾತ್ರ ಇನ್ನೂ ಹೊಟ್ಟೆಯಲ್ಲಿ ಕೂತಿದೆ.

ನಾನು ಕೂರುವುದು ಮೈಸೂರಿನ ಕುವೆಂಪುನಗರದಲ್ಲಿ. ಸರ್ವರ್ ಇರುವುದು ಮಂಡ್ಯದಲ್ಲಿ, ಗಿರಾಕಿಯೊಬ್ಬರ ಆಫೀಸಿನ ಮೂಲೆಯಲ್ಲಿ. ಕಬ್ಬಿನ ಗಾಡಿ ತೂಕದ ಕಟ್ಟೆ ಹತ್ತಿದರೆ ಒಂದು ಮೆಸೇಜ್ ಹೊರಟು ಕ್ಯೂನಲ್ಲಿ, ಅಂದರೆ ಮೆಸೇಜ್‌ಗಳ ಸಾಲಿನಲ್ಲಿ ಕೂರುತ್ತದೆ. ಬಿಲ್ಲಿಂಗ್ ಪ್ರೋಗ್ರಾಂ ಅದನ್ನು ಎತ್ತಿಕೊಂಡು ರೈತನ ಲೆಕ್ಕಕ್ಕೆ ಸೇರಿಸುತ್ತದೆ. ಜಾವಾ ಪ್ರೋಗ್ರಾಂಗಳ ನಡುವೆ ಮೆಸೇಜ್ ದಾಟಿಸುವ ಜೆಎಂಎಸ್‌ಗೆ ಹೇಳಿ ಮಾಡಿಸಿದ ಕೆಲಸ. ಕ್ಯೂ ನೋಡಿಕೊಳ್ಳುವ ಬ್ರೋಕರ್ ಆಗಿ ಗ್ಲಾಸ್‌ಫಿಶ್ ಜೊತೆ ಓಪನ್ ಎಂಕ್ಯೂ ಬರುತ್ತದೆ, ವೈಲ್ಡ್‌ಫ್ಲೈ ಜೊತೆ ಆರ್ಟೆಮಿಸ್. ಎರಡೂ ಪುಕ್ಕಟೆ.

ಗ್ಲಾಸ್‌ಫಿಶ್‌ನಲ್ಲಿ ಒಂದು ಕ್ಯೂಗೆ ಎರಡು ಹೆಸರು. ನಮ್ಮ ಕೋಡ್ ಕರೆಯುವುದು ಜೆಎನ್‌ಡಿಐ ಹೆಸರಿನಿಂದ, ಅಂದರೆ ಸರ್ವರ್‌ನ ಹೆಸರುಪಟ್ಟಿಯಲ್ಲಿ ಇರುವ ಹೆಸರಿನಿಂದ. ಬ್ರೋಕರ್ ಒಳಗಿನ ನಿಜವಾದ ಕ್ಯೂಗೆ ಬೇರೆ ಹೆಸರು. ಮನೆಯಲ್ಲಿ ಪುಟ್ಟ, ಹಾಜರಿ ಪುಸ್ತಕದಲ್ಲಿ ಇನ್ನೇನೋ ಇರುತ್ತಲ್ಲ, ಹಾಗೆ. ಹೊಸ ಆವೃತ್ತಿ ಹಾಕುವಾಗ ನಾವು ಆ ಪಟ್ಟಿಯಲ್ಲಿ ಎರಡು ನಮೂದು (ರಿಸೋರ್ಸ್) ಮಾಡಿದೆವು, ಕಳಿಸುವವರಿಗೆ ಒಂದು, ಎತ್ತಿಕೊಳ್ಳುವವರಿಗೆ ಒಂದು. ಎರಡೂ ತೋರಿಸಬೇಕಿದ್ದದ್ದು ತೂಕದ ಒಂದೇ ಕ್ಯೂವನ್ನು. ‘ತೂಕ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾನು ಎರಡು ಓ ಹಾಕಿ ಬರೆದಿದ್ದೆ. ಜೊತೆಗಿದ್ದ ಹುಡುಗ ಒಂದು ಯು ಹಾಕಿದ್ದ. ಅಷ್ಟೇ ಆದದ್ದು.

ಎಲ್ಲೂ ಎರರ್ ಬರಲಿಲ್ಲ. ಯಾಕಂದರೆ ಇಲ್ಲದ ಕ್ಯೂವನ್ನು ಯಾರಾದರೂ ಕೇಳಿದರೆ ಓಪನ್ ಎಂಕ್ಯೂ ತಾನೇ ಅದನ್ನು ಹುಟ್ಟಿಸಿ ಕೊಡುತ್ತದೆ. ಡೀಫಾಲ್ಟೇ ಹಾಗೆ. ಕೋಡ್ ಬರೆಯುವಾಗ ಇದು ಬಲು ಸುಖ, ಗಿರಾಕಿಯ ಮೂಲೆಯಲ್ಲಿ ಅಲ್ಲ. ಸಂಜೆ ಫೋನ್ ಬಂತು, ‘ಸಾರ್, ಬೆಳಗ್ಗೆಯಿಂದ ಒಂದು ಬಿಲ್ಲೂ ಆಗಿಲ್ಲ.’ ಲಾಗ್ ತೊಳೆದಿಟ್ಟ ತಟ್ಟೆಯಂತೆ ಶುಭ್ರ. ಬ್ರೋಕರ್ ಬದುಕಿದೆಯಾ ಅಂತ ಕೇಳುವ ‘ಜೆಎಂಎಸ್-ಪಿಂಗ್’ ಕೊಟ್ಟರೆ ಎಲ್ಲ ಓಡ್ತಿದೆ ಅನ್ನುತ್ತದೆ. ಹೊರಗೆ ಗಾಡಿಗಳು ಸಾಲುಗಟ್ಟಿವೆ, ರೈತರು ಚೀಟಿ ಕೇಳ್ತಿದ್ದಾರೆ.

ಕೊನೆಗೆ ಬ್ರೋಕರ್‌ನ ಕ್ಯೂಗಳ ಪಟ್ಟಿ ಕೊಡುವ ‘ಐಎಂಕ್ಯೂಸಿಎಂಡಿ ಲಿಸ್ಟ್ ಡಿಎಸ್‌ಟಿ’ ಹೊಡೆದೆ. ಒಂದು ಸಾಲಿನಲ್ಲಿ ಮೆಸೇಜ್ 312, ಎತ್ತಿಕೊಳ್ಳುವವರು ಸೊನ್ನೆ. ಅದರ ಕೆಳಗೇ ಎತ್ತಿಕೊಳ್ಳುವವರು ಸಿದ್ಧ, ಮೆಸೇಜ್ ಸೊನ್ನೆ. ಒಬ್ಬ ಮದ್ದೂರಲ್ಲಿ ಕಾಯ್ತಿದ್ದಾನೆ, ಇನ್ನೊಬ್ಬ ಮಂಡ್ಯದಲ್ಲಿ ಇಳಿದು ಕೂತಿದ್ದಾನೆ! ಸರಿ, ಆ 312ನ್ನು ಪಕ್ಕದ ಕ್ಯೂಗೆ ಸಾಗಿಸೋಣ ಅಂದರೆ ಆ ಟೂಲ್‌ನಲ್ಲಿ ಖಾಲಿ ಮಾಡುವ ಕಮಾಂಡ್ ಇದೆ, ತಡೆಯುವ ಕಮಾಂಡ್ ಇದೆ, ಸಾಗಿಸುವುದು ಇಲ್ಲ. ಒಂದರಿಂದ ಓದಿ ಇನ್ನೊಂದಕ್ಕೆ ಹಾಕುವ ಪುಟ್ಟ ಪ್ರೋಗ್ರಾಂ ಬರೆದು ಮುಗಿಸುವ ಹೊತ್ತಿಗೆ ರಾತ್ರಿ ಹನ್ನೊಂದು. ಬ್ರೋಕರ್‌ನ ಕಾನ್ಫಿಗ್ ಫೈಲಿನಲ್ಲಿ ‘ಐಎಂಕ್ಯೂ.ಆಟೋಕ್ರಿಯೇಟ್.ಕ್ಯೂ’ ಮುಂದೆ ‘ಫಾಲ್ಸ್’ ಅಂತ ಬರೆದರೆ ಈ ರಗಳೆಯೇ ಇರುವುದಿಲ್ಲ, ನಿಜ. ಗೊತ್ತಾಗುವ ಹೊತ್ತಿಗೆ ನನ್ನ ಮನಸ್ಸು ಮುರಿದಿತ್ತು.

ವೈಲ್ಡ್‌ಫ್ಲೈನಲ್ಲಿ ಒಂದೇ ಕಮಾಂಡ್. ಕ್ಯೂ ಮತ್ತು ಅದರ ಜೆಎನ್‌ಡಿಐ ಹೆಸರು ಒಟ್ಟಿಗೇ ಹುಟ್ಟುತ್ತವೆ. ಕೋಡ್‌ನ ರಿಸೋರ್ಸ್ ಸಾಲಿನಲ್ಲಿ ಅಕ್ಷರ ತಪ್ಪಿದರೆ ಡಿಪ್ಲಾಯ್ ಆಗುವುದೇ ಇಲ್ಲ, ಅಂದರೆ ಪ್ರೋಗ್ರಾಂ ಸರ್ವರ್ ಹತ್ತುವುದೇ ಇಲ್ಲ. ಡಬ್ಲ್ಯೂಎಫ್‌ಎಲ್‌ವೈಸಿಟಿಎಲ್0180 ಅಂತ ಎರರ್ ನಂಬರ್ ಕಿರುಚಿ ನಿಲ್ಲುತ್ತದೆ. ಕಿರುಚಲಿ ಬಿಡಿ, ಮಾತಾಡದೆ ಕೂರುವುದಕ್ಕಿಂತ ಎಷ್ಟೋ ವಾಸಿ.

ಹಾಗಂತ ಇದೇನು ಸಾಧು ಹಸುವಲ್ಲ. ಸುಮ್ನೆ ಸ್ಟಾರ್ಟ್ ಮಾಡಿದರೆ ಮೆಸೇಜಿಂಗೇ ಇರುವುದಿಲ್ಲ, ‘ಸ್ಟ್ಯಾಂಡಲೋನ್-ಫುಲ್’ ಕಾನ್ಫಿಗ್ ಬೇಕು. 2016ರ ವೈಲ್ಡ್‌ಫ್ಲೈ 10ಕ್ಕೆ ಮುಂಚೆ ಒಳಗಿದ್ದದ್ದು ಹಾರ್ನೆಟ್‌ಕ್ಯೂ ಎಂಬ ಬ್ರೋಕರ್, ಹಾಗಾಗಿ ಹಳೇ ಕಮಾಂಡ್‌ಗಳನ್ನು ಹಾಗೇ ಅಂಟಿಸಿದರೆ ನಡೆಯಲ್ಲ. ಕಮಾಂಡ್‌ಗಳೋ, ಕೊಂಕಣ ಸುತ್ತಿ ಮೈಲಾರಕ್ಕೆ ಬಂದಷ್ಟು ಉದ್ದ.

ಒಂದು ಏಟೂ ತಿಂದೆ. ಬ್ಯಾಕಪ್‌ಗೆ ಅಂತ ಡೇಟಾಬೇಸ್ ಎರಡು ನಿಮಿಷ ನಿಲ್ಲಿಸಿದ್ದರು. ಫೇಲಾದ ಮೆಸೇಜನ್ನು ಆರ್ಟೆಮಿಸ್ ಹತ್ತು ಸಲ ಕೊಟ್ಟು ನೋಡುತ್ತದೆ. ಆದರೆ ನಡುವಿನ ಬಿಡುವು ಡೀಫಾಲ್ಟಾಗಿ ಸೊನ್ನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತೂ ಮುಗಿದು ಆ ಹೊತ್ತಿನ ತೂಕವೆಲ್ಲ, ತಲುಪದ ಮೆಸೇಜ್‌ಗಳು ಹೋಗಿ ಬೀಳುವ ಡೆಡ್ ಲೆಟರ್ ಕ್ಯೂ ಸೇರಿತು. ಆದರೆ ಇಲ್ಲಿ ‘ಮೂವ್-ಮೆಸೇಜಸ್’ ಇದೆ. ಒಂದು ಸಾಲು ಹೊಡೆದೆ, ಎಲ್ಲ ವಾಪಸ್ ಬಂದವು. ಬಿಡುವನ್ನು 30 ಸೆಕೆಂಡ್ ಮಾಡಿ ಊಟಕ್ಕೆ ಎದ್ದೆ.

ಕನ್ಸೋಲ್ ಪುಟದಲ್ಲಿ ಕ್ಲಿಕ್ ಮಾಡುತ್ತಾ ಕೆಲಸ ಮಾಡುವ ಅಭ್ಯಾಸ ಇದ್ದವರಿಗೆ 4848 ಪೋರ್ಟ್‌ನಲ್ಲಿ ತೆರೆಯುವ ಗ್ಲಾಸ್‌ಫಿಶ್‌ನ ಪುಟ ಹಿಡಿಸಬಹುದು, ನಿಜಕ್ಕೂ ಚೊಕ್ಕವಾಗಿದೆ. ನನ್ನದು ಕಮಾಂಡ್ ಹೊಡೆಯುವ ಕಪ್ಪು ಪರದೆ, ಒಬ್ಬನೇ ಆಳು, 8 ಜಿಬಿಯ ಹಳೇ ಮೆಷಿನ್. ಬೇರೆಯೇ ಬ್ರೋಕರ್ ಇಟ್ಟು ಸಾಕುವಷ್ಟು ಗಿರಾಕಿ ದುಡ್ಡು ಬಿಚ್ಚಲ್ಲ. ತಪ್ಪಾದರೆ 45 ಕಿಲೋಮೀಟರ್ ಓಡಬೇಕಾದವನು ನಾನೇ ಅಲ್ವಾ?

ಹೊಸ ಕ್ಯೂ ಮಾಡುವಾಗ ‘ತೂಕ’ದ ಸಹವಾಸವೇ ಬೇಡ, ಇಂಗ್ಲಿಷಿನ ‘ವೆಯ್ಟ್’ ಅಂತಲೇ ಇಡೋಣ ಅಂದೆ. ಹುಡುಗ ಇ, ಐ ಅದಲುಬದಲು ಮಾಡಿ ಕೋಡ್ ಬರೆದ. ಡಿಪ್ಲಾಯ್ ಆಗಲಿಲ್ಲ. ಇಬ್ಬರೂ ಸ್ಕ್ರೀನ್ ನೋಡಿ ನಕ್ಕೆವು.