ಡೀಪ್ ಪರ್ಪಲ್‌ನ 'ಮೆಷಿನ್ ಹೆಡ್': ಕ್ಯಾಸೆಟ್ ಕಾಲದಿಂದ ಕೇಳುತ್ತಾ ಬಂದವನ ಅಭಿಪ್ರಾಯ

ಆಲ್ಬಂ ಹೆಸರು ಹೇಳಿದರೆ ಕೆಲವರಿಗೆ ಗೊತ್ತಾಗುವುದಿಲ್ಲ. ಅದೇ ಆ ನಾಲ್ಕು ಸ್ವರದ ರಿಫ್ ಅನ್ನು, ಅಂದರೆ ಮತ್ತೆ ಮತ್ತೆ ಬರುವ ಆ ಪುಟ್ಟ ಗಿಟಾರ್ ತುಣುಕನ್ನು, ಬಾಯಲ್ಲೇ ನುಡಿಸಿ ತೋರಿಸಿ, ರಾಕ್ ಕೇಳದವರೂ "ಓ, ಅದಾ!" ಅನ್ನುತ್ತಾರೆ. ಗಿಟಾರ್ ಕ್ಲಾಸಿಗೆ ಸೇರಿದ ಹುಡುಗರು ಮನೆಯವರ ತಲೆ ತಿನ್ನುವುದು ಹೆಚ್ಚಾಗಿ ಅದರಿಂದಲೇ. 'ಸ್ಮೋಕ್ ಆನ್ ದ ವಾಟರ್' ಅಷ್ಟು ಸವೆದುಹೋದ ಹಾಡು. ಆದರೆ ಈ ಆಲ್ಬಂ ಐವತ್ತು ವರ್ಷ ದಾಟಿಯೂ ಬದುಕಿರುವುದು ಆ ರಿಫ್‌ನಿಂದ ಅಂತ ನನಗೆ ಅನ್ನಿಸುವುದಿಲ್ಲ. ನಾನು ಕ್ಯಾಸೆಟ್‌ನಲ್ಲಿ ಕೇಳಿದ್ದೇನೆ, ಸಿಡಿಯಲ್ಲಿ ಕೇಳಿದ್ದೇನೆ, ಎಲ್‌ಪಿಯಲ್ಲಿ ಕೇಳಿದ್ದೇನೆ, ಈಗ ಫೋನಿನಲ್ಲಿ ಕೇಳುತ್ತೇನೆ. ಇಷ್ಟಾದ ಮೇಲೂ ಬೇಜಾರಾಗದೆ ಇರುವುದಕ್ಕೆ ಕಾರಣ ಒಂದೇ: ಐದು ಜನ ಒಟ್ಟಿಗೆ ನಿಂತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದು ಇದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಅದು ಹಾಗೆ ಆಗಿದ್ದರ ಹಿಂದೆ ಒಂದು ಕಥೆ ಇದೆ. ಅಭಿಮಾನಿಗಳಿಗೆ ಗೊತ್ತಿರುವ ಕಥೆಯೇ, ಆದರೂ ಹೇಳಲೇಬೇಕು.

1971ರ ಡಿಸೆಂಬರ್. ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ ಸ್ವಿಟ್ಜರ್ಲೆಂಡಿನ ಮೊಂಟ್ರೋ ಊರಿಗೆ ಹೋಗಿತ್ತು. ಜಿನೀವಾ ಸರೋವರದ ದಡದಲ್ಲಿದ್ದ ಕ್ಯಾಸಿನೋದಲ್ಲಿ ರೆಕಾರ್ಡ್ ಮಾಡುವ ಯೋಚನೆ. ಸ್ಟುಡಿಯೋ ಬೇಡ, ವೇದಿಕೆಯ ಮೇಲೆ ನುಡಿಸಿದ ಹಾಗೆ ಕೇಳಬೇಕು ಅನ್ನೋದು ಅವರ ಆಸೆ. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ, ಅಂದರೆ ಟ್ರಕ್ಕಿನೊಳಗೇ ಇರುವ ರೆಕಾರ್ಡಿಂಗ್ ಕೋಣೆಯನ್ನು ಬಾಡಿಗೆಗೆ ತಂದಿದ್ದರು. ಡಿಸೆಂಬರ್ 4ರಂದು ಅದೇ ಕ್ಯಾಸಿನೋದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಝಾಪಾ ಕಾರ್ಯಕ್ರಮ. ಅದು ಮುಗಿದ ಮೇಲೆ ಜಾಗ ಇವರದು. ಕಾರ್ಯಕ್ರಮದ ಮಧ್ಯೆ ಪ್ರೇಕ್ಷಕರಲ್ಲಿ ಯಾರೋ ಒಬ್ಬ ಚಾವಣಿ ಕಡೆಗೆ ಫ್ಲೇರ್ ಗನ್, ಅಂದರೆ ಉರಿಯುವ ಬೆಳಕಿನ ಗುಂಡು ಹಾರಿಸುವ ಪಿಸ್ತೂಲು, ಹಾರಿಸಿದ. ಇಡೀ ಕ್ಯಾಸಿನೋ ಸುಟ್ಟು ಬೂದಿ. ಜಾಝ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ಒಳಗೆ ಸಿಕ್ಕಿಕೊಂಡ ಹುಡುಗರನ್ನು ಹೊರಗೆ ಎಳೆದು ತಂದರು. ಡೀಪ್ ಪರ್ಪಲ್‌ನವರು ದೂರದಿಂದ ಸರೋವರದ ಮೇಲೆ ಹೊಗೆ ಹರಡುವುದನ್ನು ನೋಡುತ್ತಾ ನಿಂತಿದ್ದರು. ಬೇಸ್ ನುಡಿಸುವ ರೋಜರ್ ಗ್ಲೋವರ್ ಒಂದು ಬೆಳಿಗ್ಗೆ ನಿದ್ದೆಯಿಂದ ಏಳುವಾಗ ಬಾಯಿಗೆ ಬಂದ ಮಾತೇ ಆಮೇಲೆ ಹಾಡಿನ ಹೆಸರಾಯಿತು.

ಆಮೇಲೆ ಪೆವಿಲಿಯನ್ ಅನ್ನುವ ಥಿಯೇಟರ್ ಸಿಕ್ಕಿತು. ರಾತ್ರಿ ಹೊತ್ತು ಆ ಸದ್ದಿಗೆ ಊರವರು ಪೊಲೀಸರನ್ನು ಕರೆದರು. ಪೊಲೀಸರು ಬಾಗಿಲು ಬಡಿಯುತ್ತಿದ್ದರೆ ತಂಡದ ಕೆಲಸಗಾರರು ಒಳಗಿನಿಂದ ಬಾಗಿಲು ಒತ್ತಿ ಹಿಡಿದಿದ್ದರಂತೆ, ಟೇಕ್, ಅಂದರೆ ಒಂದು ಸಲದ ರೆಕಾರ್ಡಿಂಗ್, ಮುಗಿಯುವ ತನಕ. ಆ ಟೇಕೇ ನಾವೆಲ್ಲ ಕೇಳುವ 'ಸ್ಮೋಕ್ ಆನ್ ದ ವಾಟರ್'ನ ಅಡಿಪಾಯ. ಅಲ್ಲಿಂದಲೂ ಎದ್ದು ಹೋಗಬೇಕಾಯಿತು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಅಂತ ಬಾಗಿಲು ಹಾಕಿದ್ದ ಗ್ರಾಂಡ್ ಹೋಟೆಲ್. ಖಾಲಿ ಹೋಟೆಲಿನ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಅಲ್ಲೇ ಡ್ರಮ್ಸ್, ಅಲ್ಲೇ ಆಂಪ್ಲಿಫೈಯರ್.

ನನಗೆ ತುಂಬಾ ಇಷ್ಟವಾದ ಭಾಗ ಇದರ ಮುಂದಿನದು. ಟ್ರಕ್ ಹೊರಗೆ ನಿಂತಿತ್ತು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಕೋಣೆಗಳನ್ನು ದಾಟಿ, ಬಾಲ್ಕನಿ ಹತ್ತಿ ಇಳಿದು, ಹಿಮದಲ್ಲಿ ಟ್ರಕ್ಕಿನ ತನಕ ಹೋಗಬೇಕು. ಒಂದಷ್ಟು ಸಲ ಹೋಗಿ ಬಂದರು. ಆಮೇಲೆ ಸಾಕಾಯಿತು, ಹೋಗುವುದನ್ನೇ ಬಿಟ್ಟರು. ಇಂಜಿನಿಯರ್ ಮಾರ್ಟಿನ್ ಬರ್ಚ್ ಸರಿ ಇದೆ ಅಂದರೆ ಸರಿ, ಮುಂದಿನ ಹಾಡು. ಈಗಿನವರು ಒಂದೊಂದು ಸಾಲನ್ನೂ ಹತ್ತಾರು ಸಲ ತಿದ್ದಿ ತೀಡಿ ಮಾಡುವ ಕೆಲಸ ಇಲ್ಲಿ ಆಗಲೇ ಇಲ್ಲ, ಆಗುವ ಹಾಗೂ ಇರಲಿಲ್ಲ. ಹೊಳಪು ಕಮ್ಮಿ. ಅದೇ ಇದರ ಶಕ್ತಿ. ಎರಡು ವಾರದ ಸುಮಾರಿಗೆ ಕೆಲಸ ಮುಗಿಸಿ, 1972ರ ಮಾರ್ಚ್‌ನಲ್ಲಿ ಆಲ್ಬಂ ಹೊರಗೆ ಬಂತು. ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೂ ಹೋಯಿತು.

ಇನ್ನು ಹಾಡುಗಳು. ಒಟ್ಟು ಏಳು, 37 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಎದ್ದು ಹೋಗುವಷ್ಟು ಉದ್ದ ಇಲ್ಲ, ಅದೂ ಒಂದು ಪ್ಲಸ್.

ಮೊದಲನೆಯದು 'ಹೈವೇ ಸ್ಟಾರ್'. ಪೋರ್ಟ್ಸ್‌ಮತ್‌ಗೆ ಹೋಗುವ ಬಸ್ಸಿನಲ್ಲಿ ಪತ್ರಕರ್ತರೊಬ್ಬರು "ನೀವು ಹಾಡು ಹೇಗೆ ಕಟ್ಟುತ್ತೀರಿ?" ಅಂತ ಕೇಳಿದ್ದಕ್ಕೆ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡು ಹೀಗೆ ಅಂತ ಶುರು ಮಾಡಿದರಂತೆ, ಹಾಡುಗಾರ ಇಯಾನ್ ಗಿಲನ್ ಅಲ್ಲೇ ಬಾಯಿಗೆ ಬಂದ ಪದ ಹಾಕಿದರಂತೆ. ಇದರಲ್ಲಿ ಜಾನ್ ಲಾರ್ಡ್ ಅವರ ಆರ್ಗನ್ ಸೋಲೋ ಮೊದಲು, ಬ್ಲ್ಯಾಕ್‌ಮೋರ್ ಸೋಲೋ ಆಮೇಲೆ. ಎರಡರಲ್ಲೂ ಜರ್ಮನಿಯ ಹಳೇ ಶಾಸ್ತ್ರೀಯ ಸಂಗೀತಗಾರ ಬಾಖ್‌ನ ನೆರಳು ಇದೆ. ಬ್ಲ್ಯಾಕ್‌ಮೋರ್ ಸಾಮಾನ್ಯವಾಗಿ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವ ಮನುಷ್ಯ, ಈ ಸೋಲೋವನ್ನು ಮಾತ್ರ ಮೊದಲೇ ಕೂತು ಸ್ವರ ಸ್ವರ ಜೋಡಿಸಿದ್ದು. ಆಮೇಲೆ ಬಂದ ಹೆವಿ ಮೆಟಲ್ ಗಿಟಾರಿಸ್ಟುಗಳು ಎಷ್ಟು ಜನ ಇದನ್ನು ಕೇಳಿ ಕಲಿತಿದ್ದಾರೋ ಲೆಕ್ಕವಿಲ್ಲ. ಕಾರಿನಲ್ಲಿ ಮಾತ್ರ ಇದನ್ನು ಹಾಕಬೇಡಿ, ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುತ್ತದೆ.

'ಪಿಕ್ಚರ್ಸ್ ಆಫ್ ಹೋಮ್' ನನ್ನ ಪಾಲಿಗೆ ಈ ಆಲ್ಬಮ್ಮಿನ ಬಚ್ಚಿಟ್ಟ ಬಂಗಾರ. ಇಯಾನ್ ಪೇಸ್ ಡ್ರಮ್ಸ್ ಮೇಲೆ ಉರುಳಿಸುವ ಆ ಮೊದಲ ಪೆಟ್ಟುಗಳನ್ನು ಒಳ್ಳೆ ಸ್ಪೀಕರಿನಲ್ಲಿ ಕೇಳಬೇಕು. ಹಿಮದ ಬೆಟ್ಟಗಳ ನಡುವೆ ಮನೆ ನೆನಪಾಗುವ ಹಾಡು ಇದು. ಮಧ್ಯದಲ್ಲಿ ಗ್ಲೋವರ್ ಅವರ ಪುಟ್ಟ ಬೇಸ್ ಸೋಲೋ ಇದೆ. ಚಿಕ್ಕ ಸ್ಪೀಕರಿನಲ್ಲಿ ಕೇಳಿದವರಿಗೆ ಅಲ್ಲಿ ಏನೋ ನಡೆಯಿತು ಅನ್ನೋದೂ ಗೊತ್ತಾಗುವುದಿಲ್ಲ. ಕ್ಯಾಸೆಟ್ ದಿನಗಳಲ್ಲಿ ನನಗೂ ಗೊತ್ತಾಗಿರಲಿಲ್ಲ, ಟೇಪ್ ರೆಕಾರ್ಡರೇ ಅಂಥದ್ದು. ಸಿಡಿ ಬಂದ ಮೇಲೆ ಅದು ಹೊಸ ಹಾಡೇ ಆಯಿತು.

'ಲೇಝಿ' ಏಳು ನಿಮಿಷಕ್ಕೂ ಜಾಸ್ತಿ. ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ನಾಲ್ಕು ನಿಮಿಷ ಕಳೆದಿರುತ್ತದೆ. ಶುರುವಿನಲ್ಲಿ ಲಾರ್ಡ್ ಒಬ್ಬರೇ. ಹ್ಯಾಮಂಡ್ ಆರ್ಗನ್ ಅನ್ನು ಅವರು ಮಾರ್ಷಲ್ ಆಂಪ್ಲಿಫೈಯರಿಗೆ, ಅಂದರೆ ಗಿಟಾರಿನವರು ಬಳಸುವ ಪೆಟ್ಟಿಗೆಗೆ ಜೋಡಿಸಿ ನುಡಿಸುತ್ತಿದ್ದರು. ಅದಕ್ಕೇ ಚರ್ಚಿನ ವಾದ್ಯ ಇಲ್ಲಿ ಗುರ್ ಅನ್ನುತ್ತದೆ, ಗೊರಗುಟ್ಟುತ್ತದೆ. ಆಮೇಲೆ ಗಿಟಾರ್ ಸೇರುತ್ತದೆ. ಅಲ್ಲಿಂದ ಮುಂದೆ ನಮ್ಮ ಜುಗಲ್‌ಬಂದಿ ಕೇಳಿ ಅಭ್ಯಾಸ ಇದ್ದವರಿಗೆ ಮಜವೋ ಮಜ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು ತಿರುವಿ ವಾಪಸ್ ಎಸೆಯುತ್ತಾರೆ. ಅಷ್ಟೂ ಹೊತ್ತು ಕೆಳಗೆ ಪೇಸ್ ಒಂದು ಜಾಝ್ ಲಯ ಹಿಡಿದು ಕೂತಿರುತ್ತಾರೆ. ಹಾರ್ಡ್ ರಾಕ್ ಅಂದರೆ ಬರೀ ಕಿರುಚಾಟ ಅನ್ನುವವರಿಗೆ ನಾನು ಮೊದಲು ಹಾಕಿ ಕೇಳಿಸುವುದು ಇದನ್ನೇ. ಗಿಲನ್ ಇದರಲ್ಲಿ ಮೌತ್ ಆರ್ಗನ್ ಕೂಡ ನುಡಿಸಿದ್ದಾರೆ.

'ಸ್ಮೋಕ್ ಆನ್ ದ ವಾಟರ್' ಬಗ್ಗೆ ಏನು ಹೇಳುವುದು? ಒಂದು ವಿಷಯ ಮಾತ್ರ. ರಿಫ್ ಬಿಟ್ಟು ಅದರ ಸುತ್ತ ಏನಾಗುತ್ತದೆ ನೋಡಿ. ಮೊದಲು ಗಿಟಾರ್ ಒಂದೇ. ಆಮೇಲೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ), ಅದರ ಜೊತೆ ಆರ್ಗನ್. ಆಮೇಲೆ ಉಳಿದ ಡ್ರಮ್ಸ್. ಬೇಸ್ ಬರುವುದು ಎಲ್ಲರಿಗಿಂತ ಕೊನೆಗೆ, ಅದು ಬಂದ ಕ್ಷಣ ಹಾಡಿನ ಕೆಳಗೆ ನೆಲ ಸಿಕ್ಕ ಹಾಗಾಗುತ್ತದೆ. ಇನ್ನೊಂದು, ಬ್ಲ್ಯಾಕ್‌ಮೋರ್ ಈ ರಿಫ್ ನುಡಿಸುವುದು ಪಿಕ್‌ನಿಂದ ಅಲ್ಲ, ಎರಡು ತಂತಿಯನ್ನು ಬೆರಳಲ್ಲಿ ಒಟ್ಟಿಗೆ ಮೀಟಿ. ಎಲ್ಲರೂ ನುಡಿಸಿದಾಗ ಅದು ಹಾಗೆ ಕೇಳದೆ ಇರುವುದಕ್ಕೆ ಇದೇ ಕಾರಣ. ತಮಾಷೆ ಅಂದರೆ ಇದು ಹಿಟ್ ಆಗುತ್ತದೆ ಅಂತ ತಂಡಕ್ಕೇ ಅನ್ನಿಸಿರಲಿಲ್ಲ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಂದದ್ದು 1973ರಲ್ಲಿ. ಅಮೆರಿಕದಲ್ಲಿ ನಾಲ್ಕನೇ ಸ್ಥಾನದವರೆಗೆ ಹೋಯಿತು.

'ಮೇಬಿ ಐಯಾಮ್ ಎ ಲಿಯೋ' ಚೆನ್ನಾಗಿದೆ, ಆರಾಮಾಗಿ ಹೋಗುತ್ತದೆ. 'ಸ್ಪೇಸ್ ಟ್ರಕಿನ್' ಪದಗಳು ಪೂರ್ತಿ ಹುಚ್ಚುಚ್ಚು, ಬ್ಯಾಂಡ್ ಮಾತ್ರ ಉರಿಯುತ್ತದೆ. ಇದರ ನಿಜವಾದ ರೂಪ ಬೇಕಾದರೆ ಅದೇ ವರ್ಷ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೋದಲ್ಲಿ ರೆಕಾರ್ಡ್ ಮಾಡಿದ 'ಮೇಡ್ ಇನ್ ಜಪಾನ್' ಕೇಳಿ. ಅಲ್ಲಿ ಈ ಒಂದು ಹಾಡು ಸುಮಾರು 20 ನಿಮಿಷ, ಎಲ್‌ಪಿಯ ಒಂದು ಬದಿಯೇ ಇದಕ್ಕೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ದೂರು ಇಲ್ಲವೇ ಇಲ್ಲ ಅಂತೇನಿಲ್ಲ. 'ಹೈವೇ ಸ್ಟಾರ್'ನಲ್ಲಿ ಕಾರನ್ನೂ ಹುಡುಗಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈಗ ಕೇಳಿದರೆ ಸ್ವಲ್ಪ ಮುಜುಗರ. ಆ ಕಾಲದ ರಾಕ್ ಹಾಡುಗಳ ಹಣೆಬರಹವೇ ಅದು. ಮಗಳ ಜೊತೆ ಕೂತು ಕೇಳುವಾಗ ಅವಳು ಒಂದು ನೋಟ ನೋಡುತ್ತಾಳೆ, ಅಷ್ಟು ಸಾಕು. 'ನೆವರ್ ಬಿಫೋರ್' ಬಗ್ಗೆ ಆಮೇಲೆ ಹೇಳುತ್ತೇನೆ.

ಯಾವ ಆವೃತ್ತಿ ತಗೋಬೇಕು ಅಂತ ಕೇಳುವವರು ಜಾಸ್ತಿ. 1997ರಲ್ಲಿ ಬಂದ 25ನೇ ವರ್ಷದ ಎರಡು ಸಿಡಿ ಸೆಟ್ ಹಳೇ ಅಂಗಡಿಯಲ್ಲೋ ಎಲ್ಲೋ ಸಿಕ್ಕಿದರೆ ಬಿಡಬೇಡಿ. ಒಂದರಲ್ಲಿ ಮೂಲ ಆಲ್ಬಂ, ಇನ್ನೊಂದರಲ್ಲಿ ಗ್ಲೋವರ್ ಅವರೇ ಹೊಸದಾಗಿ ಮಿಕ್ಸ್ ಮಾಡಿದ್ದು, ಅಂದರೆ ಹಳೇ ಟೇಪಿನ ವಾದ್ಯಗಳನ್ನು ಹೊಸ ಹದದಲ್ಲಿ ಬೆರೆಸಿದ್ದು. ಅದರಲ್ಲಿ ಒಂದೆರಡು ಕಡೆ ಬೇರೆ ಗಿಟಾರ್ ಸೋಲೋ ಇದೆ. ಮೂಲದ್ದೇ ಬಾಯಿಪಾಠ ಆಗಿರುವವರಿಗೆ ಮೊದಲು ಕಿರಿಕಿರಿ ಆಗುತ್ತದೆ, ಆಮೇಲೆ ಹಿಡಿಸುತ್ತದೆ. 2024ರಲ್ಲಿ ಇನ್ನೊಂದು ದೊಡ್ಡ ಪೆಟ್ಟಿಗೆ ಬಂತು, ಅದರ ಹೊಸ ಮಿಕ್ಸ್ ಮಾಡಿದ್ದು ಡ್ವೀಝಿಲ್ ಝಾಪಾ. ಹೌದು, ಅವತ್ತು ಯಾರ ಕಾರ್ಯಕ್ರಮದಲ್ಲಿ ಕ್ಯಾಸಿನೋ ಸುಟ್ಟಿತೋ ಆ ಫ್ರಾಂಕ್ ಝಾಪಾ ಅವರ ಮಗ! ಅದು ಸ್ಪಷ್ಟವಾಗಿದೆ, ಬೇಸ್ ದಪ್ಪ ಕೇಳುತ್ತದೆ. ಆದರೆ ಕಾರಿಡಾರಿನ ಆ ಗುಂಯ್ ಅನ್ನುವ ಗಾಳಿ ನನಗೆ ಮೂಲದಲ್ಲೇ ಹೆಚ್ಚು ಇಷ್ಟ. ದುಡ್ಡು ಹಾಕುವ ಮೊದಲು ಫೋನಿನಲ್ಲಿ ಒಮ್ಮೆ ಕೇಳಿ ನೋಡಿ.

ಹೊಸ ಎಲ್‌ಪಿ ತರಿಸುವವರಿಗೆ ಒಂದು ಮಾತು. ನಾನು ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಪ್ರತಿ ಹಪ್ಪಳದ ಹಾಗೆ ಸೊಟ್ಟಗಿತ್ತು, ಸೂಜಿ ಏರಿ ಇಳಿಯುತ್ತಿತ್ತು. ವಾಪಸ್ ಕೊಡಲು ಅಂಗಡಿಯವನ ಜೊತೆ ಗುದ್ದಾಡಬೇಕಾಯಿತು. ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಎಲ್‌ಪಿಯ ಇನ್ನೊಂದು ಲಾಭ ಕವರ್. ಲೋಹದ ಹಾಳೆಯಲ್ಲಿ ಬಿದ್ದ ತಂಡದ ಪ್ರತಿಬಿಂಬವನ್ನು ಫೋಟೋ ತೆಗೆದದ್ದು ಅದು. ಫೋನಿನ ಅಂಗೈಯಗಲ ಪರದೆಯಲ್ಲಿ ಅದರ ಅಂದ ಗೊತ್ತಾಗುವುದಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು 'ನೆವರ್ ಬಿಫೋರ್' ಕಾರಣಕ್ಕೆ. ಹಿಟ್ ಆಗುತ್ತದೆ ಅಂತ ನಂಬಿ ಅದನ್ನೇ ಮೊದಲು ಸಿಂಗಲ್ ಮಾಡಿದರು, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಹಾಡು ಕೆಟ್ಟದ್ದಲ್ಲ, ಸಪ್ಪೆ. ಅದರ ಹಿಂಬದಿಗೆ ಹಾಕಿದ್ದು 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್'. ಇದೇ ಹೋಟೆಲಿನಲ್ಲಿ ರೆಕಾರ್ಡ್ ಮಾಡಿದ ಹಾಡು, ನಿಧಾನದ್ದು, ಗಿಲನ್ ಗಂಟಲು ತಗ್ಗಿಸಿ ಹಾಡಿದ್ದು. ಬ್ಲ್ಯಾಕ್‌ಮೋರ್‌ಗೆ ಹಿಡಿಸಲಿಲ್ಲ ಅಂತ ಆಲ್ಬಮ್ಮಿಗೆ ಸೇರಿಸಲಿಲ್ಲ ಅನ್ನುತ್ತಾರೆ. ಅವರು ತಂಡ ಬಿಟ್ಟ ಮೇಲೆ ಉಳಿದವರು ಅದನ್ನು ವೇದಿಕೆಯಲ್ಲಿ ಎಷ್ಟೋ ಸಲ ನುಡಿಸಿದರು. ನನ್ನ ಫೋನಿನ ಪಟ್ಟಿಯಲ್ಲಿ 'ನೆವರ್ ಬಿಫೋರ್' ಇದ್ದ ನಾಲ್ಕನೇ ಜಾಗದಲ್ಲಿ ಈಗ ಅದೇ ಇದೆ. ನೀವೂ ಬದಲಾಯಿಸಿ ಕೇಳಿ ನೋಡಿ, ಸರಿ ಅನ್ನಿಸದಿದ್ದರೆ ಬಂದು ಬೈಯಿರಿ.